ಕೈಕಸಬಿನ ಸರಕೂ ಅದರ ಗಿರಾಕಿಯೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ಕಾಯಕಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಗೋಷ್ಠಿಯಲ್ಲಿ ನಾಲ್ಕು ಮಾತನಾಡಬೇಕೆಂದು ಶ್ರೀಗಳವರಿಂದ ಅಪ್ಪಣೆಯಾದಾಗ ನನಗೆ ಹೆಮ್ಮೆಗಿಂತಲೂ ಅಂಜಿಕೆಯೇ ಹೆಚ್ಚಾಯಿತೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ಪಂಡಿತನಲ್ಲ, ವಾಗ್ಮಿಯೂ ಅಲ್ಲ. ದಾವಣಗೆರೆಯ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಮೂವತ್ತೊಂದು ವರ್ಷ ಲೆಕ್ಕ ಬರೆದವನು. ಹರಿಹರದಿಂದ ಬೆಳಗಿನ ಬಂಡಿಗೆ ಹೋಗಿ ಸಂಜೆಯ ಬಂಡಿಗೆ ಮರಳುತ್ತಿದ್ದವನು. ಆ ಕೆಲಸದಿಂದ ಬಿಡುವು ದೊರೆತ ಮೇಲೆ, ನನ್ನ ಮನೆಯವರೂ ನೆರೆಹೊರೆಯ ಐವರು ತಾಯಂದಿರೂ ಕೂಡಿ ನಡೆಸುತ್ತಿರುವ ಕೌದಿ ಹೊಲಿಯುವ ಕಸಬಿನ ಲೆಕ್ಕವನ್ನು ಬರೆಯುತ್ತಿದ್ದೇನೆ. ನನಗೆ ತಿಳಿದಿರುವುದು ಲೆಕ್ಕವೊಂದೇ. ಆದುದರಿಂದ ನನ್ನ ಮಾತಿನಲ್ಲಿ ತತ್ತ್ವ ಕಡಿಮೆಯಾಗಿಯೂ ಅಂಕಿಗಳು ಹೆಚ್ಚಾಗಿಯೂ ಇದ್ದರೆ ಮಹಾಜನರು ಮನ್ನಿಸಬೇಕು.

ಈ ಎರಡು ದಿನಗಳಿಂದ ಕಾಯಕದ ಹಿರಿಮೆಯನ್ನು ಕುರಿತು ಅನೇಕ ವಿದ್ವಾಂಸರು ಮಾತನಾಡಿದ್ದಾರೆ. ಕೇಳಿ ಧನ್ಯನಾದೆ. ಆದರೆ ಕೇಳುತ್ತ ಕುಳಿತಾಗ ನನ್ನ ಗುಮಾಸ್ತೆಯ ಬುದ್ಧಿಗೆ ಒಂದು ಸಂದೇಹವು ಬಂದಿತು. ಮೇದಾರ ಕೇತಯ್ಯನವರು ಬುಟ್ಟಿಯನ್ನು ಹೆಣೆದರು. ನುಲಿಯ ಚಂದಯ್ಯನವರು ಹಗ್ಗವನ್ನು ಹೊಸೆದರು. ದಾಸಿಮಯ್ಯನವರು ಬಟ್ಟೆಯನ್ನು ನೇಯ್ದರು. ಬಂದುದರಲ್ಲಿ ದಾಸೋಹವನ್ನು ನಡೆಸಿದರು ಎನ್ನುತ್ತೇವೆ. ಎಲ್ಲಿಂದ ಬಂದುದು? ಆ ಬುಟ್ಟಿಯನ್ನು, ಆ ಹಗ್ಗವನ್ನು, ಆ ಬಟ್ಟೆಯನ್ನು ಯಾರೋ ಒಬ್ಬರು ತಮಗೆ ಬೇಕೆಂದು ಕೊಂಡುಕೊಂಡ ಮೇಲಲ್ಲವೆ ದಾಸೋಹದ ಒಲೆ ಹೊತ್ತಿದುದು? ಕಾಯಕವನ್ನು ಹೊಗಳತಕ್ಕವರು ಬಹು ಮಂದಿ ಇದ್ದಾರೆ. ಕಾಯಕದಿಂದ ಹುಟ್ಟಿದ ವಸ್ತುವನ್ನು ಕೊಳ್ಳತಕ್ಕವನು ಎಲ್ಲಿದ್ದಾನೆ, ಅವನನ್ನು ಅರಸುವುದು ಹೇಗೆ ಎಂಬುದನ್ನು ಹೇಳತಕ್ಕವರು ವಿರಳ. ಆ ವಿಷಯವನ್ನೇ ಈ ದಿನ ಪ್ರಸ್ತಾಪಿಸಬೇಕೆಂದಿದ್ದೇನೆ.

ಮೊದಲು ನಮ್ಮ ಊರಿನ ಹಳೆಯ ಸಂಗತಿಯೊಂದನ್ನು ನೆನೆಯೋಣ. ದಾವಣಗೆರೆಯು ಹಿಂದೆ ಬೇತೂರಿಗೆ ಸೇರಿದ ಒಂದು ಸಣ್ಣ ಹಳ್ಳಿಯಾಗಿದ್ದಿತು. ಹೈದರಾಲಿಯು ಅದನ್ನು ಅಪ್ಪೋಜಿರಾಮನೆಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅಪ್ಪೋಜಿರಾಮನು ವರ್ತಕರನ್ನು ಕರೆತಂದು ನೆಲೆಗೊಳಿಸಿದುದರಿಂದ ಹಳ್ಳಿಯು ಪೇಟೆಯಾಯಿತು. ಮಲೆನಾಡಿನ ಅಡಕೆ ಮೆಣಸುಗಳು ಈ ಪೇಟೆಗೆ ಇಳಿದು, ಇಲ್ಲಿಂದ ಮೂಡಲ ಸೀಮೆಯ ವಾಲಾಜಾಪೇಟೆಯವರೆಗೆ ಹೋಗುತ್ತಿದ್ದುವು. 1800 ಮತ್ತು 1801ನೆಯ ಇಸವಿಗಳಲ್ಲಿ ಈ ಸೀಮೆಯಲ್ಲೆಲ್ಲ ಸಂಚರಿಸಿ, 1807ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಅಚ್ಚು ಮಾಡಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಇಲ್ಲಿಯ ವ್ಯಾಪಾರವನ್ನೂ ಕಂಬಳಿಯ ಕಸಬನ್ನೂ ಕಂಡು ಬರೆದಿದ್ದಾನೆ. ಹತ್ತಿಯ ಗಿರಣಿಗಳು ಬಂದು, ಜನರು ಈ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವುದಕ್ಕೆ ಎಷ್ಟೋ ಕಾಲ ಮೊದಲು, ಈ ಊರಿನ ಹೆಸರು ನಡೆದುದು ಕುರಿಯ ಉಣ್ಣೆಯ ಕಂಬಳಿಯಿಂದ.

ಆ ಕಂಬಳಿಯನ್ನು ಮಾಡಿದವರು ಕುರುಬ ಸಮಾಜದ ಬಡವರು. ಕುರಿಯ ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ಹೆಂಗಸರು ರಾಟಿಯಲ್ಲಿ ನೂತು, ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಹಚ್ಚಿ, ಗುಂಡಿಮಗ್ಗದಲ್ಲಿ ಗಂಡಸರು ನೇಯುತ್ತಿದ್ದರು. ಬಣ್ಣವೆಂಬುದಿಲ್ಲ, ಕುರಿಯ ಕಪ್ಪೇ ಕಂಬಳಿಯ ಕಪ್ಪು. ಇವರಾರೂ ಗಿರಾಕಿಯನ್ನು ಅರಸಿಕೊಂಡು ದೂರ ದೇಶಗಳಿಗೆ ಹೋದವರಲ್ಲ. ಅಡಕೆಯ ಗಾಡಿಗಳು ಪೇಟೆಗೆ ಬರುತ್ತಿದ್ದುವು; ಹಿಂತಿರುಗುವಾಗ ಗಾಡಿ ಬರಿದಾಗಿ ಹೋಗಬಾರದಷ್ಟೆ. ಮಲೆನಾಡಿನಲ್ಲಿ ಮಳೆ, ಗದ್ದೆಯಲ್ಲಿ ನಾಟಿ ಮಾಡುವವನಿಗೂ ದನ ಕಾಯುವವನಿಗೂ ಕಂಬಳಿಯ ಕೊಪ್ಪೆಯೇ ಕೊಡೆ. ಕಂಬಳಿಯನ್ನು ಕೊಳ್ಳುವವನೂ ಅದನ್ನು ಒಯ್ಯುವ ಗಾಡಿಯೂ ಒಂದೇ ದಾರಿಯಲ್ಲಿದ್ದರು. ವ್ಯಾಪಾರದಲ್ಲಿ ಇದಕ್ಕಿಂತ ದೊಡ್ಡ ಅನುಕೂಲವು ಮತ್ತೊಂದಿಲ್ಲ.

ಈಗ ಆ ಕಂಬಳಿ ಎಲ್ಲಿ ಹೋಯಿತು? ಕೆಲವರು, ಜನರಿಗೆ ದೇಶಾಭಿಮಾನವಿಲ್ಲವಾಯಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಾಟಿ ಮಾಡುವವನಿಗೆ ಪ್ಲಾಸ್ಟಿಕ್ಕಿನ ಹಾಳೆ ಹಗುರವಾಗಿ, ಅಗ್ಗವಾಗಿ, ನೀರನ್ನು ಹೀರದೆ ದೊರೆಯಿತು. ಹೊದೆಯುವವನಿಗೆ ಪಾಣಿಪತ್ತಿನಲ್ಲಿ ಹಳೆಯ ಉಡುಪುಗಳ ಚಿಂದಿಯಿಂದ ಯಂತ್ರದಲ್ಲಿ ಮಾಡಿದ ರಗ್ಗು ಕಡಿಮೆ ಬೆಲೆಗೆ ದೊರೆಯಿತು. ಆ ಗಿರಾಕಿಯು ದ್ರೋಹ ಮಾಡಲಿಲ್ಲ. ಅವನ ಅಗತ್ಯವು ಬೇರೆ ಕಡೆ ತೀರಿತು, ಅಷ್ಟೆ. ಹೋದ ಗಿರಾಕಿಯನ್ನು ಬೈಯುತ್ತ ಕುಳಿತ ಕಸಬುದಾರನು ಇರುವ ಗಿರಾಕಿಯನ್ನೂ ಕಾಣಲಾರನು. ಜಗಳೂರಿನ ಕಡೆಯ ಒಬ್ಬ ಮುದುಕ ಕಂಬಳಿ ನೇಕಾರನನ್ನು ನಾನು ಕೆಲವು ವರ್ಷಗಳ ಹಿಂದೆ ಕೇಳಿದೆ: "ಈಗ ನಿನ್ನಿಂದ ಕೊಳ್ಳುವವರು ಯಾರಪ್ಪ?" ಅವನು ಬೆರಳು ಮಡಿಚಿ ಹೇಳಿದನು: ದೇವರ ಗದ್ದುಗೆಗೆ ಹಾಸುವವರು, ಮೈಲಾರನ ಗೊರವರು, ಮದುವೆಯಲ್ಲಿ ಕಂಬಳಿ ಹಾಸುವ ಪದ್ಧತಿಯನ್ನು ಬಿಡದ ಮನೆಗಳವರು, ಮತ್ತು ಬೆನ್ನುನೋವಿಗೆ ಕರಿಯ ಕಂಬಳಿಯ ಮೇಲೆ ಮಲಗಬೇಕೆಂದು ನಂಬಿದ ಪೇಟೆಯ ಮುದುಕರು. ನಾಲ್ಕೇ ಬಗೆ. ಆದರೆ ಈ ನಾಲ್ಕು ಬಗೆಯವರಿಗೂ ಪಾಣಿಪತ್ತಿನ ರಗ್ಗು ನಡೆಯುವುದಿಲ್ಲ! ಗೊರವನು ಯಂತ್ರದ ರಗ್ಗನ್ನು ಹೊದ್ದು ದೇವರಗುಡ್ಡಕ್ಕೆ ಹೋಗಲಾರನು. ತನ್ನ ಗಿರಾಕಿಗಳು ಎಷ್ಟು ಮಂದಿ ಎಂಬುದಕ್ಕಿಂತಲೂ, ತನ್ನ ಸರಕಿಲ್ಲದೆ ನಡೆಯದವರು ಯಾರು ಎಂಬುದು ಆ ಮುದುಕನಿಗೆ ತಿಳಿದಿದ್ದಿತು. ಅನೇಕ ದೊಡ್ಡ ಸಾಹುಕಾರರಿಗೆ ಇದು ತಿಳಿದಿರುವುದಿಲ್ಲ.

ಇನ್ನು ನಮ್ಮ ಮನೆಯ ಸಂಗತಿ. ಕೌದಿಯೆಂದರೆ ಏನೆಂದು ಈ ಸಭೆಯ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಹೊಲಿಗೆಯಿಂದ ಕೂಡಿಸಿದ ಹೊದಿಕೆ. ಬಡವರ ಮನೆಯ ವಸ್ತುವೆಂದು ಒಂದು ಕಾಲದಲ್ಲಿ ಅದನ್ನು ನೆಂಟರ ಕಣ್ಣಿಗೆ ಬೀಳದಂತೆ ಒಳಮನೆಯಲ್ಲಿ ಇಡುತ್ತಿದ್ದರು. ಹರಿಹರದ ಒಂದು ದೊಡ್ಡ ಕಾರ್ಖಾನೆಯು ನಿಂತುಹೋದ ಮೇಲೆ ನಮ್ಮ ಬೀದಿಯಲ್ಲಿ ಎಷ್ಟೋ ಮನೆಗಳ ಸಂಬಳ ನಿಂತಿತು. ಗಂಡಸರು ಬೇರೆ ಊರುಗಳಲ್ಲಿ ಕೂಲಿಯನ್ನು ಹುಡುಕಿಕೊಂಡರು. ಹೆಂಗಸರು ಮನೆಯಲ್ಲಿ ಉಳಿದು, ಸೂಜಿಯನ್ನು ಹಿಡಿದರು. 2014ನೆಯ ಇಸವಿಯ ಯುಗಾದಿಯ ತರುವಾಯ ಆರು ಮಂದಿ ಕೂಡಿ ನಮ್ಮ ಪಡಸಾಲೆಯಲ್ಲಿ ಹೊಲಿಯತೊಡಗಿದರು. ಲೆಕ್ಕದ ಪುಸ್ತಕವು ನನ್ನ ಪಾಲಿಗೆ ಬಂದಿತು.

ಮೊದಲ ವರ್ಷದಲ್ಲಿ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಹೇಳುತ್ತೇನೆ. ಏಕೆಂದರೆ ಇಲ್ಲಿ ಕುಳಿತಿರುವ ಸ್ತ್ರೀಶಕ್ತಿ ಸಂಘಗಳ ತಾಯಂದಿರಲ್ಲಿ ಹಲವರು ಅವೇ ತಪ್ಪುಗಳ ಹೊಸ್ತಿಲಿನಲ್ಲಿ ನಿಂತಿದ್ದಾರೆಂದು ಬಲ್ಲೆ.

ಒಂದನೆಯದಾಗಿ, ಗಿರಾಕಿಯು ಬೆಂಗಳೂರಿನಲ್ಲಿ ಇರುತ್ತಾನೆಂದು ನಂಬಿದೆವು. ಅಲ್ಲಿಯ ಒಂದು ವಸ್ತುಪ್ರದರ್ಶನಕ್ಕೆ ಹೊರಟು, ಮಳಿಗೆಯ ಬಾಡಿಗೆ, ಐದು ದಿನದ ವಸತಿ, ಬಸ್ಸಿನ ವೆಚ್ಚ ಇವೆಲ್ಲವನ್ನೂ ತೆತ್ತು, ಮಾರಿದುದು 6 ಕೌದಿ. ನೋಡಿದವರು ಸಾವಿರಾರು, ಚಿತ್ರ ತೆಗೆದುಕೊಂಡವರು ನೂರಾರು. ಇದರಲ್ಲಿ ನಷ್ಟವಾದ ಹಣಕ್ಕಿಂತಲೂ ನನ್ನನ್ನು ಇಂದಿಗೂ ಚುಚ್ಚುವ ಸಂಗತಿಯೆಂದರೆ, ಕೊಂಡ ಆ ಆರು ಮಂದಿಯ ಹೆಸರು, ಊರು, ಫೋನಿನ ಸಂಖ್ಯೆ ಯಾವುದನ್ನೂ ನಾನು ಬರೆದುಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಲೆಕ್ಕ ಬರೆದವನು ಬಂದ ಹಣವನ್ನು ಬರೆದೆನೇ ಹೊರತು ಹಣವನ್ನು ಕೊಟ್ಟವನನ್ನು ಬರೆಯಲಿಲ್ಲ!

ಎರಡನೆಯದು ಇನ್ನೂ ಕಠಿಣವಾದುದು. ಆ ಪ್ರದರ್ಶನದಲ್ಲಿ ಕಂಡ ಒಬ್ಬ ಅಂಗಡಿಯವರು 30 ಕೌದಿಗಳನ್ನು "ಮಾರಿದ ಮೇಲೆ ಹಣ" ಎಂಬ ಕರಾರಿನ ಮೇಲೆ ಕೇಳಿದರು. ದೊಡ್ಡ ಅಂಗಡಿ, ಗಾಜಿನ ಕಪಾಟು. ನಮಗೆ ಸ್ವರ್ಗವೇ ಇಳಿದಂತಾಯಿತು. ನಾಲ್ಕು ತಿಂಗಳು ಆರು ಮಂದಿ ಹೊಲಿದರು. ಎಂಟು ತಿಂಗಳಾದ ಮೇಲೆ ಲೆಕ್ಕ ಬಂದಿತು: ಮಾರಿದುದು 5, ಹಿಂತಿರುಗಿದುದು 25. ಕಿಟಕಿಯ ಬಿಸಿಲಿಗೆ ಕೆಲವುಗಳ ಬಣ್ಣ ಹೋಗಿದ್ದಿತು. ಅಷ್ಟು ಕಾಲ ಬಟ್ಟೆಯ ಹಣ, ದಾರದ ಹಣ, ಹೊಲಿದವರ ಕೂಲಿ ಎಲ್ಲವೂ ಮತ್ತೊಬ್ಬರ ಕಪಾಟಿನಲ್ಲಿ ಮಲಗಿದ್ದವು. ನಾನು ಕೂಡಿಟ್ಟಿದ್ದುದರಲ್ಲಿ ತೆಗೆದು ಅರ್ಧ ಕೂಲಿಯನ್ನು ಕೊಟ್ಟೆ. ಪೂರ್ತಿ ಕೊಡುವ ಶಕ್ತಿ ಇರಲಿಲ್ಲ. ಆರು ಮಂದಿಯಲ್ಲಿ ಒಬ್ಬ ತಾಯಿಯು, ಮಕ್ಕಳ ಶಾಲೆಯ ಹಣ ಕಟ್ಟುವ ದಿನ ಬಂದಿದ್ದರಿಂದ, ಸೂಜಿಯನ್ನು ಬಿಟ್ಟು ಮನೆಗೆಲಸಕ್ಕೆ ಹೋದಳು. ಎಲ್ಲರಿಗಿಂತ ನಯವಾದ ಕೈ ಅವಳದು. ಮುಂದೆ ಕೆಲಸ ಕುದುರಿದ ಮೇಲೆ ಎರಡು ಸಲ ಹೋಗಿ ಕರೆದೆವು. ಅವಳು ಬರಲಿಲ್ಲ. ಅವಳ ಸ್ಥಾನದಲ್ಲಿ ಬೇರೊಬ್ಬರು ಬಂದಿದ್ದಾರೆ. ಆದರೂ ಆ ಲೆಕ್ಕವು ನನ್ನ ಪುಸ್ತಕದಲ್ಲಿ ತೀರದೆ ಉಳಿದಿದೆ.

ಸಣ್ಣ ಕಸಬಿನವನು ಸರಕನ್ನು ಉದ್ರಿ ಕೊಡುವುದೆಂದರೆ ದೊಡ್ಡ ಅಂಗಡಿಯವನಿಗೆ ಬಡ್ಡಿಯಿಲ್ಲದ ಸಾಲ ಕೊಡುವುದೇ ಆಗಿರುತ್ತದೆ. ಐದು ಕೊಡಿರಿ, ಬೇಡವೆನ್ನುವುದಿಲ್ಲ. ಐದೂ ಮುಳುಗಿದರೆ ಮನೆ ಮುಳುಗಬಾರದು. ಮೂವತ್ತು ಕೊಡಬೇಡಿರಿ.

ವರ್ಷದ ಕೊನೆಗೆ ಒಂದು ರಾತ್ರಿ ಪುಸ್ತಕವನ್ನು ತೆಗೆದು ಕುಳಿತೆ. ಒಟ್ಟು ಮಾರಾಟವಾದುದು 41. ಪ್ರದರ್ಶನದಲ್ಲಿ 6, ಅಂಗಡಿಯಲ್ಲಿ 5. ಹಾಗಾದರೆ ಮಿಕ್ಕ 30 ಎಲ್ಲಿ ಹೋದುವು? ಅವನ್ನು ನಾವು ಮಾರಿದೆವೆಂದು ಹೇಳುವುದಕ್ಕೂ ನಾಚಿಕೆ. ಅವು ತಾವಾಗಿಯೇ ಹೋಗಿದ್ದವು. ಬಂದು ಬಾಗಿಲು ತಟ್ಟಿ ಕೊಂಡೊಯ್ದವರ ಮನೆಗಳನ್ನೆಲ್ಲ ನನ್ನ ಮನೆಯವರು ನೆನಪಿನಿಂದ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಆ 30ರಲ್ಲಿ 22 ಕೌದಿಗಳು ಹೋದುದು ಬಾಣಂತಿಯರ ಮನೆಗೆ, ತೊಟ್ಟಿಲಿಗೆ. ಮತ್ತೂ ವಿಚಾರಿಸಿದಾಗ ಇನ್ನೊಂದು ಸಂಗತಿ ಹೊರಬಿದ್ದಿತು. ದಾವಣಗೆರೆಯ ವಿದ್ಯಾನಗರದ ಒಬ್ಬ ನಿವೃತ್ತ ಉಪಾಧ್ಯಾಯಿನಿಯವರು ಮೊಮ್ಮಗುವಿಗೆಂದು ಒಂದು ಕೌದಿಯನ್ನು ಕೊಂಡಿದ್ದರು. ನಾಮಕರಣಕ್ಕೆ ಬಂದವರು ಅದನ್ನು ಮುಟ್ಟಿ ನೋಡಿ, "ಎಲ್ಲಿ ತಂದಿರಿ?" ಎಂದು ಕೇಳಿದ್ದರು. ಕೇಳಿದವರಲ್ಲಿ ಮೂವರು ಬಂದು ಕೊಂಡರು. ಆ ಮೂವರ ಮನೆಯಲ್ಲಿ ಕಂಡವರು ಮತ್ತೆ ಬಂದರು. ಹಾಳೆಯ ಮೇಲೆ ಗೆರೆ ಎಳೆದು ನೋಡಿದರೆ ವಂಶವೃಕ್ಷದಂತೆ ಕಾಣಿಸಿತು: 22ರಲ್ಲಿ 14 ಕೌದಿಗಳು ಆ ಒಂದೇ ಕೌದಿಯ ಮಕ್ಕಳು ಮೊಮ್ಮಕ್ಕಳು! ನಾವು ಐದು ದಿನ ಬೆಂಗಳೂರಿನಲ್ಲಿ ನಿಂತು ಕೂಗಿದರೂ ಆಗದುದನ್ನು ಒಂದು ತೊಟ್ಟಿಲಿನ ಕೌದಿಯು ಬಾಯಿಲ್ಲದೆ ಮಾಡಿದ್ದಿತು.

ಗಿರಾಕಿಯನ್ನು ಹುಡುಕುವುದೆಂದರೆ ಗುರುತಿಲ್ಲದ ಜನಸಂದಣಿಯ ಎದುರಿಗೆ ಸರಕನ್ನು ಹರಡುವುದೆಂದು ನಾನು ಅದುವರೆಗೆ ತಿಳಿದಿದ್ದೆ. ಆ ರಾತ್ರಿಯ ಮೇಲೆ ಹಾಗೆ ತಿಳಿಯಲಿಲ್ಲ. ಸಂತೋಷದಿಂದ ಬಳಸುತ್ತಿರುವ ಮನೆ ಯಾವುದು, ಆ ಮನೆಗೆ ಬಂದುಹೋಗುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಕೈಯಿಂದ ಮಾಡಿದ ವಸ್ತುವಿನ ಗುಣವು ಗಾಜಿನ ಹಿಂದೆ ಕಾಣುವುದಿಲ್ಲ. ಮುಟ್ಟಿದಾಗ, ಒಗೆದಾಗ, ನಾಲ್ಕು ವರ್ಷ ಬಾಳಿದಾಗ ಕಾಣುತ್ತದೆ. ಆದುದರಿಂದ ಅದನ್ನು ಬಳಸಿದವನ ಹೊರತು ಮತ್ತಾರೂ ಅದನ್ನು ಮಾರಲಾರರು.

ಇದು ತಿಳಿದ ಮೇಲೆ ನಾವು ಮಾಡಿದ ಕೆಲಸಗಳು ಬಹಳ ಸಣ್ಣವು. ತೊಟ್ಟಿಲಿನ ಅಳತೆಯ ಕೌದಿಯನ್ನು ಬೇರೆಯಾಗಿ ಹೊಲಿಯತೊಡಗಿದೆವು. ಪ್ರತಿಯೊಂದರ ಮೂಲೆಯಲ್ಲಿ ಒಂದು ಬಟ್ಟೆಯ ಚೂರಿನ ಮೇಲೆ ನಮ್ಮ ಫೋನಿನ ಸಂಖ್ಯೆಯನ್ನು ದಾರದಿಂದ ಹೊಲಿದೆವು. ಚೀಟಿ ಕಳೆದುಹೋಗುತ್ತದೆ, ಇದು ಕೌದಿ ಇರುವವರೆಗೂ ಇರುತ್ತದೆ. ಒಂದು ವರ್ಷದೊಳಗೆ ಹೊಲಿಗೆ ಬಿಟ್ಟರೆ ಪುಕ್ಕಟೆಯಾಗಿ ಸರಿಮಾಡಿ ಕೊಡುತ್ತೇವೆಂದು ಹೇಳಿದೆವು. ನನ್ನ ಮನೆಯವರಿಗೆ ಇದು ನಷ್ಟದ ಮಾತಾಗಿ ತೋರಿತು. ಆದರೆ ಸರಿಮಾಡಿಸಲು ಬಂದವಳು ಬರಿಗೈಯಲ್ಲಿ ಹೋದುದು ಅಪರೂಪ. ತಂಗಿಗೊಂದು, ನಾದಿನಿಗೊಂದು ಎಂದು ಹೇಳಿಯೇ ಹೋಗುತ್ತಾಳೆ. ಹೆರಿಗೆಯಾದ ಮೇಲೆ ಗಡಿಬಿಡಿಯಲ್ಲಿ ಯಾರೂ ಕೌದಿಯನ್ನು ಹೇಳಿ ಮಾಡಿಸುವುದಿಲ್ಲ. ಸೀಮಂತದ ಸಮಯದಲ್ಲಿ ಮನೆಯ ಹಿರಿಯಳು ಬೇಕಾದುದನ್ನೆಲ್ಲ ಯೋಚಿಸುತ್ತಾಳೆ. ನಮ್ಮ ಕೆಲಸಕ್ಕೂ ಎರಡು ಮೂರು ತಿಂಗಳ ಬಿಡುವು ಬೇಕು. ಆದುದರಿಂದ ಸೀಮಂತದ ಮನೆಗಳಿಗೆ ಸುದ್ದಿ ಮುಟ್ಟುವಂತೆ ಮಾಡಿದೆವು.

ಇವೆಲ್ಲಕ್ಕಿಂತ ಹೆಚ್ಚಿನ ಫಲವನ್ನು ಕೊಟ್ಟ ಉಪಾಯವು ನಮ್ಮದಲ್ಲ, ಗಿರಾಕಿಯದೇ. ಒಬ್ಬ ತಾಯಿಯು ತೀರಿಹೋದ ತನ್ನ ಅತ್ತೆಯ ಎರಡು ಸೀರೆಗಳನ್ನು ತಂದು, "ಇವನ್ನೇ ಹಾಕಿ ಹೊಲಿದುಕೊಡಿ, ಮಗು ಅಜ್ಜಿಯನ್ನು ಹೊದ್ದು ಮಲಗಲಿ" ಎಂದಳು. ಆ ದಿನದಿಂದ ನಾವು ಪ್ರತಿಯೊಬ್ಬರನ್ನೂ ಹಳೆಯ ಸೀರೆ ಉಂಟೇ ಎಂದು ಕೇಳುತ್ತೇವೆ. ಬಟ್ಟೆಗೆ ನಮ್ಮ ಬಂಡವಾಳ ಬೇಡವಾಯಿತು. ಸರಕು ಮಾರಾಟವಾಗದೆ ಉಳಿಯುವ ಭಯ ಹೋಯಿತು. ಏಕೆಂದರೆ ಹೊಲಿಯುವ ಮೊದಲೇ ಅದು ಒಬ್ಬರದು. ಯಾವ ಗಿರಣಿಯೂ ಇದಕ್ಕೆ ಪೈಪೋಟಿ ಮಾಡಲಾರದು. ಪಾಣಿಪತ್ತಿನವರ ಬಳಿ ಎಲ್ಲವೂ ಇದೆ, ಆ ಅತ್ತೆಯ ಸೀರೆ ಇಲ್ಲ.

ಬೆಲೆಯ ಮಾತನ್ನು ಹೇಳದಿದ್ದರೆ ಈ ವಿಷಯವು ಅರ್ಧಕ್ಕೆ ನಿಂತಂತೆ. ಮೊದಲ ವರ್ಷ ನನ್ನ ಮನೆಯವರು ದೊಡ್ಡ ಕೌದಿಯನ್ನು 600 ರೂಪಾಯಿಗೆ ಮಾರುತ್ತಿದ್ದರು. ಬಟ್ಟೆಗೆ 250, ದಾರಕ್ಕೆ 60 ಹೋಗಿ 290 ಉಳಿಯುತ್ತದೆ, ಲಾಭವೇ ತಾನೆ ಎಂಬುದು ಅವರ ಲೆಕ್ಕ. ನಾನು ಗಡಿಯಾರವನ್ನಿಟ್ಟು ನೋಡಿದೆ. ದಿನಕ್ಕೆ ನಾಲ್ಕು ಗಂಟೆಯಂತೆ ಹನ್ನೊಂದು ದಿನ, 44 ಗಂಟೆ. 290ನ್ನು ಭಾಗಿಸಿದರೆ ಗಂಟೆಗೆ ಆರೂವರೆ ರೂಪಾಯಿ! ಗಾರೆಕೆಲಸದ ಕೂಲಿಯ ಅರ್ಧವೂ ಅಲ್ಲ. ಬೆಲೆಯನ್ನು 1400ಕ್ಕೆ ಏರಿಸಬೇಕೆಂದಾಗ ಮನೆಯಲ್ಲಿ ಯುದ್ಧವೇ ನಡೆಯಿತು, ಯಾರೂ ಬರುವುದಿಲ್ಲವೆಂದರು. ಬಂದವರಲ್ಲಿ ಕೆಲವರು ಹಿಂತಿರುಗಿದ್ದು ನಿಜ. ಹಿಂತಿರುಗಿದವರು ಕೊಳ್ಳುತ್ತಿದ್ದುದು ಕೌದಿಯನ್ನಲ್ಲ, ಅಗ್ಗವನ್ನು. ಉಳಿದವರು ಉಳಿದರು.

ಇಲ್ಲಿ ನುಲಿಯ ಚಂದಯ್ಯನವರ ಕಥೆಯನ್ನು ನೆನೆಯದಿರಲಾರೆ. ಅವರ ಹಗ್ಗವನ್ನು ಲಿಂಗಯ್ಯನೇ ಮಾರಲು ಹೋದನೆಂದೂ, ಬಸವಣ್ಣನವರು ಹಗ್ಗದ ಬೆಲೆಗಿಂತ ಬಹಳ ಹೆಚ್ಚಾದ ಹಣವನ್ನು ಕೊಟ್ಟರೆಂದೂ, ಚಂದಯ್ಯನವರು ಅದನ್ನು ಒಪ್ಪದೆ ಸಲ್ಲತಕ್ಕಷ್ಟನ್ನು ಮಾತ್ರ ಕೇಳಿದರೆಂದೂ ಶರಣರ ಚರಿತೆಗಳು ಹೇಳುತ್ತವೆ. ಹೆಚ್ಚು ತೆಗೆದುಕೊಳ್ಳಬಾರದೆಂಬುದನ್ನು ಈ ಕಥೆಯಿಂದ ಎಲ್ಲರೂ ಕಲಿಯುತ್ತಾರೆ. ನನ್ನ ಅಲ್ಪಮತಿಗೆ ಅದರಲ್ಲಿ ಇನ್ನೊಂದು ಮಾತೂ ಕಾಣುತ್ತದೆ. ಇಷ್ಟೇ ಸಲ್ಲತಕ್ಕದ್ದೆಂದು ಹೇಳಬೇಕಾದರೆ ಚಂದಯ್ಯನವರಿಗೆ ತಮ್ಮ ಹಗ್ಗದ ಬೆಲೆ ಎಷ್ಟೆಂಬುದು ಖಚಿತವಾಗಿ ತಿಳಿದಿದ್ದಿತು. ನಮ್ಮ ತಾಯಂದಿರಿಗೆ ತಮ್ಮ ಕೈಹೊಲಿಗೆಯ ಬೆಲೆ ತಿಳಿಯದು. ಕೇಳಿದರೆ, "ಏನೋ ಸುಮ್ಮನೆ ಕೂತಾಗ ಹೊಲಿದದ್ದು" ಎನ್ನುತ್ತಾರೆ. ಸುಮ್ಮನೆ ಕೂತು ಯಾರೂ 44 ಗಂಟೆ ಹೊಲಿಯುವುದಿಲ್ಲ.

ದೂರದ ಗಿರಾಕಿಯು ಬೇಡವೇ ಬೇಡವೆಂದು ನಾನು ವಾದಿಸುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸಿದ್ದಿ ತಾಯಂದಿರು ನಮ್ಮಂತೆಯೇ ಹಳೆಯ ಬಟ್ಟೆಯಿಂದ ಕೌದಿಯನ್ನು ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ ನಡುವಿಗೆ ಬರುತ್ತಾರೆ, ಮೂಲೆಗಳಲ್ಲಿ ಹೂವನ್ನು ಇಡುತ್ತಾರೆ. ಅಮೆರಿಕದ ಹೆನ್ರಿ ಡ್ರೂವಲ್ ಎಂಬ ಪ್ರಾಧ್ಯಾಪಕರು ಅವನ್ನು ಕಂಡು ಮೆಚ್ಚಿ, ಆ ಹೆಂಗಸರು ಸಂಘ ಕಟ್ಟಿಕೊಂಡು ಮಾರುವುದಕ್ಕೆ ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಆ ಕೌದಿಗಳ ಪ್ರದರ್ಶನ ನಡೆಯಿತು. ಸಾಗರದ ಹೆಗ್ಗೋಡಿನ ಬಳಿಯ ಚರಕ ಸಂಸ್ಥೆಯ ಹೆಂಗಸರು ಎಲೆ, ತೊಗಟೆ, ಅಡಕೆಯ ಚೊಗರುಗಳ ಬಣ್ಣದ ಕೈಮಗ್ಗದ ಬಟ್ಟೆಯನ್ನು, ಬೇರೊಬ್ಬರ ಕಪಾಟಿಗೆ ಒಪ್ಪಿಸದೆ, ದೇಸಿ ಎಂಬ ತಮ್ಮದೇ ಅಂಗಡಿಗಳಲ್ಲಿ ಮಾರುವ ಧೈರ್ಯವನ್ನು ಮಾಡಿದರು. 2020ರಲ್ಲಿ ಅಷ್ಟು ದೊಡ್ಡ ಸಂಸ್ಥೆಯೂ ಹಣದ ಮುಗ್ಗಟ್ಟಿಗೆ ಸಿಲುಕಿತು. ಅದನ್ನು ನೋಡಿದಾಗ, ಆರು ಸೂಜಿಗಳ ನಾವು ದೂರದ ದಾರಿಯನ್ನು ಹಿಡಿಯುವ ಮುಂಚೆ ಹತ್ತಿರದ ಮನೆಗಳನ್ನು ಭದ್ರಪಡಿಸಿಕೊಳ್ಳುವುದು ಲೇಸೆಂದು ತೋರುತ್ತದೆ.

ಕೈಫೋನಿನ ವಿಷಯವನ್ನೂ ತರುಣರು ಕೇಳುತ್ತಾರೆ. ನನ್ನ ಸೊಸೆಯು ವಾಟ್ಸಾಪ್, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರಗಳನ್ನು ಹಾಕುತ್ತಾಳೆ. ಮಡಿಚಿಟ್ಟ ಕೌದಿಯ ಚಿತ್ರಕ್ಕೆ ಮೆಚ್ಚುಗೆಗಳು ಬರುತ್ತವೆ, ಗಿರಾಕಿಗಳು ಬರುವುದಿಲ್ಲ. ಗಿರಾಕಿಯ ಮನೆಯವರೇ ಒಪ್ಪಿ ಕಳುಹಿಸಿದ ತೊಟ್ಟಿಲಿನ ಚಿತ್ರವನ್ನು ಹಾಕಿದ ದಿನ ಎರಡು ಮೂರು ಮಂದಿಯಾದರೂ ವಿಚಾರಿಸುತ್ತಾರೆ. ಯಂತ್ರವು ಹೊಸದು; ದಾರಿ ಮಾತ್ರ ವಿದ್ಯಾನಗರದ ನಾಮಕರಣದ ದಾರಿಯೇ.

ತೆರಿಗೆಯ ಭಯದಿಂದ ಹಿಂಜರಿಯುವವರಿಗೆ ಎರಡು ಮಾತು. ನಮ್ಮ ರಾಜ್ಯದೊಳಗೆ ಸರಕು ಮಾರುವವನ ವರ್ಷದ ವಹಿವಾಟು 40 ಲಕ್ಷ ರೂಪಾಯಿಗಳನ್ನು ಮೀರುವವರೆಗೆ ಜಿ.ಎಸ್.ಟಿ. ನೋಂದಣಿಯು ಸಾಮಾನ್ಯವಾಗಿ ಬೇಕಾಗುವುದಿಲ್ಲ. 2023ರ ಅಕ್ಟೋಬರ್ 1ರಿಂದ, ಇಂತಹ ಸಣ್ಣವರು ಒಂದು ಗುರುತಿನ ಸಂಖ್ಯೆಯನ್ನು ಪಡೆದು, ರಾಜ್ಯದೊಳಗಿನ ಗಿರಾಕಿಗಳಿಗೆ ಅಂತರ್ಜಾಲದ ಅಂಗಡಿಗಳ ಮೂಲಕವೂ ಮಾರಬಹುದಾಗಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬುಟ್ಟಿ, ಚಾಪೆ ಹೆಣೆಯುವವರೂ, ಗೊಂಬೆ ಮಾಡುವವರೂ, ದರ್ಜಿಗಳೂ ಇದ್ದಾರೆ. ಕಂಬಳಿಯ ನೇಕಾರನು ಆ ಪಟ್ಟಿಯಲ್ಲಿ ಇಲ್ಲ. ರೈಲ್ವೆಯವರು 2022ರಿಂದ ನಿಲ್ದಾಣಗಳಲ್ಲಿ ಸ್ಥಳೀಯ ಸರಕಿಗೆ ಮಳಿಗೆಗಳನ್ನು ಕೊಡುತ್ತಿದ್ದಾರೆ. ಬಂಡಿಗೆ ಓಡುವವನು ಕೌದಿಯನ್ನು ಕೊಳ್ಳುವುದಿಲ್ಲ; ಕೈಚೀಲ, ಆಟಿಕೆಗಳಾದರೆ ಸಲ್ಲುತ್ತವೆ.

ಜಾತ್ರೆಗಳೂ ಹಾಗೆಯೇ. ಎರಡು ವರ್ಷಕ್ಕೊಮ್ಮೆ ನಡೆಯುವ ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಲಕ್ಷ ಜನ ಸೇರಿದರೂ ಅವರು ಬರುವುದು ಹರಕೆಗೆ, ಊಟಕ್ಕೆ, ನೆಂಟರಿಗೆ. ಆದರೆ ನ್ಯಾಮತಿಯ ಬಳಿಯ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಸೇವಾಲಾಲರ ಜಯಂತಿಗೆಂದು ನಾಡಿನ ತಾಂಡಾಗಳಿಂದ ಲಂಬಾಣಿ ಜನರು ಬರುತ್ತಾರಷ್ಟೆ. ಅಲ್ಲಿ ಕನ್ನಡಿ, ಕವಡೆಗಳನ್ನು ಕೂಡಿಸಿದ ಕಸೂತಿಯನ್ನು ಕೊಳ್ಳತಕ್ಕವರಿಗೆ ಅದರ ಹೊಲಿಗೆಯ ಹೆಸರುಗಳೆಲ್ಲ ಗೊತ್ತು. ಸರಕನ್ನು ಬಲ್ಲವರಿರುವ ಸಣ್ಣ ಜಾತ್ರೆಯು ಅರಿಯದವರಿರುವ ದೊಡ್ಡ ಜಾತ್ರೆಗಿಂತ ಮೇಲು.

ಕೊನೆಯದಾಗಿ, ಹೇಳಬೇಕೋ ಬೇಡವೋ ಎಂದು ಯೋಚಿಸಿದ ಮಾತೊಂದಿದೆ. ನಿನ್ನೆಯ ಸಭೆಯಲ್ಲಿ ಸನ್ಮಾನಿತರಿಗೆ ಶಾಲುಗಳನ್ನು ಹೊದಿಸಿದರು. ಹಾಳು ಅಭ್ಯಾಸ, ಎಣಿಸಿದೆ, 64 ಶಾಲುಗಳು. ಎಲ್ಲವೂ ಯಂತ್ರದಲ್ಲಿ ಹೊರನಾಡಿನಿಂದ ಬಂದವು. ಅವುಗಳಲ್ಲಿ ಬಹುಪಾಲು ಯಾರ ಮೈಮೇಲೂ ಎರಡನೆಯ ಸಲ ಏರುವುದಿಲ್ಲವೆಂಬುದು ಹೊದಿಸಿಕೊಂಡವರಿಗೂ ತಿಳಿದಿದೆ. ಜಗಳೂರಿನ ಕಂಬಳಿಯೊಂದನ್ನು ಹೊದಿಸಿದ್ದರೆ ಎಂದು ನನ್ನ ಮನಸ್ಸಿಗೆ ಬಂದಿತು. ಇದನ್ನು ಪೂಜ್ಯರ ಸನ್ನಿಧಿಯಲ್ಲಿ ಅರಿಕೆ ಮಾಡಿಕೊಂಡೆ. ಶ್ರೀಗಳವರು ನಕ್ಕು, "ಹಾಗಾದರೆ ಮುಂದಿನ ಉತ್ಸವಕ್ಕೆ ಐನೂರು ಹೇಳೋಣವೇ?" ಎಂದು ಕೇಳಿದರು.

ಮಹಾಜನರೇ, ನನ್ನ ಉತ್ತರವು ಅವಿನಯವಾಗಿ ತೋರಿದ್ದರೆ ಕ್ಷಮೆಯಿರಲಿ. ಬೇಡಿ ಬುದ್ಧಿ, ಎಂದೆ. ಐನೂರು ಹೇಳಿದರೆ ಆ ಮುದುಕನು ಸಾಲ ಮಾಡಿ ಉಣ್ಣೆ ಕೊಳ್ಳುತ್ತಾನೆ. ಕೈ ತಪ್ಪಿದ ಹುಡುಗರನ್ನು ಮಗ್ಗಕ್ಕೆ ಕೂರಿಸಿ ಒರಟು ಕಂಬಳಿ ನೇಯಿಸುತ್ತಾನೆ. ಉತ್ಸವವಾದ ಮೇಲೆ ಐದು ವರ್ಷ ಮಗ್ಗ ಮಲಗುತ್ತದೆ. ನನ್ನ ಮೂವತ್ತು ಕೌದಿಗಳ ಕಥೆಯೇ ಅವನಿಗೂ ಆಗುತ್ತದೆ. ಧರ್ಮಕ್ಕೆಂದು ಒಮ್ಮೆ ಕೊಳ್ಳುವವನು ದಾನಿ, ಅವನು ಗಿರಾಕಿಯಲ್ಲ. ಎರಡನೆಯ ಸಲ ಬಂದಾಗ ಗಿರಾಕಿ. ತಿಂಗಳಿಗೆ ಹತ್ತು ಹೇಳಿದರೆ ಸಾಕು. ಅತಿಥಿಗೃಹದ ಮಂಚಗಳಿಗೆ, ಪ್ರಸಾದನಿಲಯದ ಮಕ್ಕಳ ಹಾಸಿಗೆಗಳಿಗೆ, ಹಣವನ್ನು ಒಯ್ದ ದಿನವೇ ಕೊಟ್ಟು. ಚೆನ್ನಾಗಿಲ್ಲದಿದ್ದರೆ ಹಿಂತಿರುಗಿಸಿ, ಹೇಳಿ, ಅವನು ತಿದ್ದಿಕೊಳ್ಳುತ್ತಾನೆ. ಮಕ್ಕಳು ಅದರ ಮೇಲೆ ಮಲಗಿ ಮನೆಗೆ ಹೋಗಿ ಅಪ್ಪ ಅಮ್ಮಂದಿರಿಗೆ ಹೇಳಿದರೆ, ಮುಂದಿನ ಕೆಲಸವನ್ನು ಕಂಬಳಿಯೇ ನೋಡಿಕೊಳ್ಳುತ್ತದೆ.

ಶ್ರೀಗಳವರು ಕೂಡಲೇ ಉತ್ತರ ಹೇಳಲಿಲ್ಲ. ಕಾರ್ಯದರ್ಶಿಗಳನ್ನು ಕರೆದು, ಪ್ರಸಾದನಿಲಯದಲ್ಲಿ ಮಂಚಗಳು ಎಷ್ಟಿವೆಯೆಂದು ಎಣಿಸಿ ತಿಳಿಸಬೇಕೆಂದರು. ಈ ದಿನ ಬೆಳಿಗ್ಗೆ ಕಾರ್ಯದರ್ಶಿಗಳು ಎಣಿಸುತ್ತಿದ್ದುದನ್ನು ನಾನು ಕಂಡೆ.

ಕಚೇರಿಯ ಪಡಸಾಲೆಯಲ್ಲಿ ಒಂದು ಕರಿಯ ಕಂಬಳಿಯನ್ನೂ ಎರಡು ಕೌದಿಗಳನ್ನೂ ಇಟ್ಟಿದ್ದೇನೆ. ಮಾರುವುದಕ್ಕಲ್ಲ. ಬೇಕಾದವರು ಮುಟ್ಟಿ ನೋಡಬಹುದು.